ಟಾರ್ಪಾಲಿನ ಮೇಲಿಂದ ಕಂಡ ಆಕಾರ

ಗೆಳೆಯರೇ, ನಿನ್ನೆ ನಾನು ಹಾಕಿದ ಪೋಸ್ಟನ್ನು ಅಳಿಸಬೇಕೆಂದು ಇವತ್ತು ಬಾಳೂರಿನಿಂದ ಮೂಡಿಗೆರೆಗೆ ಹೋಗುವ ಬಾಡಿಗೆ ಜೀಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಅಪ್ಪಣೆ ಕೊಟ್ಟರು.

ನನ್ನ ತಂಗಿ ಸವಿತಾ ಪ್ರೋಟೀನಿನ ಹರಳುಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಹರಳಿಗೆ ಎಕ್ಸ್‌ರೇ ಹಾಯಿಸಿದರೆ ಬರೀ ಚುಕ್ಕಿಗಳು ಸಿಗುತ್ತವೆ. ಆ ಚುಕ್ಕಿ ಮೂಡಿಸಿದ ಅಲೆಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯದೆ ಪ್ರೋಟೀನಿನ ಚಿತ್ರ ಮೂಡುವುದಿಲ್ಲ. ಆಗ ಅದೇ ಪ್ರೋಟೀನನ್ನು ನೀರಿನಲ್ಲಿ ಕರಗಿಸಿ, ಎಕ್ಸ್‌ರೇ ಚದುರುವ ರೀತಿಯಿಂದ ಅದರ ಮಸುಕಾದ ಹೊರ ಆಕಾರ ಕಂಡುಕೊಂಡು, ಅಲ್ಲಿಂದ ಹುಡುಕಲು ಶುರು ಮಾಡುತ್ತಾರಂತೆ. ಅವಳು ಫೋನಿನಲ್ಲಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆದಿದ್ದೆ.

"ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನೀನು. ಅರ್ಧಂಬರ್ಧ ತಿಳ್ಕೊಂಡು ಇದನ್ನೆಲ್ಲ ಬರೀಬಾರ್ದು ಮಾರಾಯ್ತಿ, ಈಗ್ಲೇ ತೆಗಿ" ಎಂದರು ಮೇಷ್ಟ್ರು. ಜೀಪಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಜನರೆದುರು ನನಗೆ ಬಾಯಿ ಬರುವುದಿಲ್ಲ. ಅಳಿಸಿಯೇ ಬಿಡೋಣವೆಂದು ಫೋನ್ ತೆಗೆದೆ.

ಅಷ್ಟರಲ್ಲಿ ಮೇಷ್ಟ್ರು, ಹಿಂದೆ ಟಾರ್ಪಾಲು ಹೊದಿಸಿ ಕಟ್ಟಿದ್ದ ಸಾಮಾನನ್ನು ನೋಡಿ, "ಏನೋ ರಮೇಶ, ಕಾಫಿ ಹಣ್ಣು ಸುಲಿಯೋ ಪಲ್ಪರ್ ಮೋಟಾರು ರಿಪೇರಿಗೆ ಹೊರಟಿತಾ?" ಎಂದು ಡ್ರೈವರನ್ನು ಕೇಳಿದರು.

"ನೀವು ಬಿಚ್ಚಿ ನೋಡ್ಲೇ ಇಲ್ವಲ್ಲ ಸಾರ್" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಆಕಾರ ನೋಡಿದ್ರೆ ಅಂದಾಜು ಸಿಗಲ್ವೇನೇ?"

"ನಾನು ಬರೆದಿದ್ದೂ ಅದನ್ನೇ ಸಾರ್. ಅಳಿಸಲ್ಲ."

ಮೂಡಿಗೆರೆಯಲ್ಲಿ ರಮೇಶಣ್ಣ ಹಗ್ಗ ಬಿಚ್ಚಿದ. ಒಳಗಿದ್ದದ್ದು ಪಲ್ಪರ್ ಮೋಟಾರಲ್ಲ, ನೀರಿನ ಪಂಪು.

ಮಸುಕು ಆಕಾರದಿಂದ ಶುರು ಮಾಡಿದವರು ಆಮೇಲೆ ತಿದ್ದಿಕೊಳ್ಳುತ್ತಾ ಹೋಗುತ್ತಾರೆ ಎಂದೂ ಸವಿತಾ ಹೇಳಿದ್ದಳು. ನನ್ನ ಪೋಸ್ಟ್ ಅಲ್ಲೇ ಇದೆ, ತಪ್ಪಿದ್ದರೆ ಅವಳು ತಿದ್ದಲಿ. ಮೇಷ್ಟ್ರಿಗಂತೂ ಅವರ ಮಾತನ್ನು ಅಳಿಸಿ ಎಂದು ಯಾರೂ ಹೇಳಲಿಲ್ಲ.