ಮುದ್ದೆಗೆ ಬೇಡವಾದ ಹಲ್ಲು

ಅಪ್ಪನ ನಾಲಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ಶುರುವಾಗುವ ಮೊದಲೇ ತುಮಕೂರಿನ ಹಲ್ಲಿನ ಡಾಕ್ಟರಮ್ಮ ಹುಳುಕು ಹಲ್ಲುಗಳನ್ನೆಲ್ಲ ಕಿತ್ತು, ಗಾಯ ಮಾಯುವವರೆಗೆ ಕಾಯಿಸಿದ್ದರು. "ಕೀಳೋದಿದ್ರೆ ಈಗ್ಲೇ. ರೇಡಿಯೇಷನ್ ಆದ್ಮೇಲೆ ಕಿತ್ರೆ ಗಾಯ ಮಾಯಲ್ಲ, ದವಡೆ ಮೂಳೆನೇ ಕೊಳೀಬಹುದು," ಎಂದಿದ್ದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಅಪ್ಪನ ಕಿವಿಗೆ ಮಾತ್ರ ಬೀಳಲಿಲ್ಲ.

ರೇಡಿಯೇಷನ್ ಮುಗಿದ ಮೇಲೆ ಅಪ್ಪನ ಬಾಯಲ್ಲಿ ಎಂಜಲೇ ಬತ್ತಿಹೋಯಿತು. ನೋಡಲು ಬಂದ ಕುಣಿಗಲ್ಲಿನ ಸೋದರತ್ತೆ, ಬಾಯಲ್ಲಿ ನೀರೂರಲಿ ಎಂದು ಕಲ್ಲುಸಕ್ಕರೆ ಪೊಟ್ಟಣ ಕೊಟ್ಟುಹೋದಳು. ಪ್ರೀತಿಯಿಂದಲೇ ಕೊಟ್ಟಳು, ಆದರೂ ಅವಳ ಮೇಲೆ ನನಗಿನ್ನೂ ಸಿಟ್ಟಿದೆ. ಒಣಬಾಯಲ್ಲಿ ಸದಾ ಸಕ್ಕರೆ ಇದ್ದರೆ ಹಲ್ಲು ಉಳಿಯುತ್ತದೆಯೇ? ಅಪ್ಪ ಕದ್ದು ಚೀಪುತ್ತಿದ್ದದ್ದು ನನಗೆ ಗೊತ್ತಾಗಿದ್ದು ಅಂಗಿಯ ಜೇಬಿಗೆ ಇರುವೆ ಮುತ್ತಿದಾಗ. ಅಷ್ಟರಲ್ಲಿ ಕೆಳದವಡೆಯ ಹಲ್ಲೊಂದು ಹುಳುಕಾಗಿ ನೋಯುತ್ತಿತ್ತು.

"ತುಮಕೂರಿಗೆ ಹೋಗೋಣ ನಡಿ," ಎಂದೆ.

"ಒಂದು ಹಲ್ಲಿಗೆ ಅಷ್ಟು ದೂರ ಯಾಕೆ? ಇಲ್ಲೇ ಕೀಳ್ಸಿ ಬಿಸಾಕಿದ್ರಾಯ್ತು ಬುಡು. ಮುದ್ದೆ ನುಂಗೋನಿಗೆ ಹಲ್ಯಾಕೆ?"

ನಮ್ಮ ಕಡೆ ಮುದ್ದೆ ಅಗಿದು ತಿನ್ನುವವರನ್ನು ಕಂಡರೆ ನಗುತ್ತಾರೆ. ಹಾಗಾಗಿ ಅಪ್ಪನಿಗೆ ಅದು ದೊಡ್ಡ ನ್ಯಾಯವಾಗಿಯೇ ಕಂಡಿರಬೇಕು. ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಆಸಾಮಿ ಗುಬ್ಬಿ ಬಸ್ಸು ಹತ್ತಿದ್ದ. ಪಕ್ಕದ ಮನೆಯವರು ಹೇಳಿದ್ದೇ ತಡ, ಒದ್ದೆ ತಲೆಯಲ್ಲೇ ಸ್ಕೂಟರ್ ತೆಗೆದೆ.

ಗುಬ್ಬಿಯ ಹಲ್ಲಿನ ಕ್ಲಿನಿಕ್ಕಿಗೆ ನುಗ್ಗಿದಾಗ ಅಪ್ಪ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದ. ಡಾಕ್ಟರ ಕೈಯಲ್ಲಿ ಇಂಜೆಕ್ಷನ್ ಇತ್ತು.

"ಕೀಳ್ಬೇಡಿ ಸಾರ್. ಇವ್ರ ಬಾಯಿಗೆ ರೇಡಿಯೇಷನ್ ಆಗಿದೆ."

ಡಾಕ್ಟರು ಇಂಜೆಕ್ಷನ್ ಕೆಳಗಿಟ್ಟರು. "ಏನ್ ಯಜಮಾನ್ರೇ, ಏನಾದ್ರೂ ಕಾಯ್ಲೆ ಇದ್ಯಾ ಅಂತ ಕೇಳಿದ್ನಲ್ಲ?"

"ವಾಸಿಯಾಗೈತಲ್ಲ ಸಾರ್, ಅದಕ್ಕೇ ಇಲ್ಲ ಅಂದೆ."

ಅಪ್ಪನ ಕೈ ಹಿಡಿದು ಎಬ್ಬಿಸಿಕೊಂಡು ನೇರ ತುಮಕೂರಿಗೆ ಹೋದೆ. ಡಾಕ್ಟರಮ್ಮ ಹಲ್ಲು ಕೀಳದೆ, ಬೇರಿನ ತನಕ ಕ್ಲೀನ್ ಮಾಡಿ ತುಂಬಿಸಿದರು. ದಾರಿಯುದ್ದಕ್ಕೂ ಬೈದಿದ್ದು ಸಾಲದೆ, ವಾಪಸ್ ಬರುವಾಗಲೂ ಬೈಯುತ್ತಿದ್ದೆ.

"ನಿಮ್ಮವ್ವನೂ ಇಷ್ಟು ಬೈತಿರ್ಲಿಲ್ಲ ಕಣೇ," ಎಂದ ಅಪ್ಪ, ಸ್ಕೂಟರಿನ ಹಿಂದಿನ ಸೀಟಿನಿಂದ.

"ಅವ್ವ ಇಲ್ವಲ್ಲ. ಇರೋದು ನೀನೊಬ್ನೇ. ಬೈತಾನೇ ಇರ್ತೀನಿ."