ಮಾವನ ಬಂದೂಕು, ಸೊಸೆಯ ಗುರಿ

ಬೇವೂರಿನ ಹುಚ್ಚೀರಪ್ಪ ಬಂದೂಕು ಹಾರಿಸಿದರೆ ಪಕ್ಕದ ಊರಿನ ನಾಯಿಗಳೂ ಎದ್ದು ಬೊಗಳುತ್ತಿದ್ದವು. ಆದರೆ ಆ ಬಂದೂಕಿನಿಂದ ಅವನು ಒಂದು ತೆಂಗಿನ ಚಿಪ್ಪಿಗಾದರೂ ಗುರಿಯಿಟ್ಟು ಹೊಡೆದದ್ದನ್ನು ಕಂಡವರಿಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಕೋಲಿನಿಂದ ಜಡಿಯುವ ಹಳೇ ಬಂದೂಕು ಅದು. ಶೇಂಗಾ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ಅವನ ಅಜ್ಜನ ಕಾಲದಿಂದಲೂ ಆ ಮನೆಗೆ ಲೈಸೆನ್ಸ್ ಇತ್ತು.

ವಯಸ್ಸಾಗಿ ಕೈ ನಡುಗತೊಡಗಿದಾಗ ಲೈಸೆನ್ಸನ್ನು ಮಗನ ಹೆಸರಿಗೆ ಮಾಡಿಸಲು ಹೊರಟ. ಮಗ ಗವಿಸಿದ್ದೇಶ ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವ. "ನನಗ ಬ್ಯಾಡಪಾ, ಠಾಣೇಕ ಒಪ್ಪಿಸಿಬಿಡು" ಅಂದ. ಪಡಸಾಲೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದ ಅವನ ಹೆಂಡತಿ ಸುರೇಖಾ ತಲೆ ಎತ್ತದೆಯೇ, "ನನ್ನ ಹೆಸರಿಗೆ ಮಾಡಸ್ರಿ ಮಾವಾರ" ಎಂದಳು.

ಎಲ್ಲರೂ ನಕ್ಕರು. ಅತ್ತೆ ಪಾರ್ವತೆಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಸುರೇಖಾ ಮಾತ್ರ ನಗಲಿಲ್ಲ. ಅರ್ಜಿ ಹಾಕಿ, ವಿಚಾರಣೆ ಮುಗಿಸಿ, ತರಬೇತಿಗೆ ಓಡಾಡಿ ಕೊನೆಗೂ ಲೈಸೆನ್ಸ್ ತಂದಳು.

"ಮದ್ದು ಎಷ್ಟ ಹಾಕ್ಬೇಕ್ರಿ ಮಾವಾರ?"

"ಕೈಗೆ ಬಂದಷ್ಟು ಹಾಕವಾ. ಸಪ್ಪಳ ಜೋರ ಬರಬೇಕು, ಅಷ್ಟ."

ಠಾಣೆಗೆ ತಿಳಿಸಿ, ಊರಾಚೆ ಮಣ್ಣಿನ ದಿಬ್ಬಕ್ಕೆ ಒಂದು ರಟ್ಟು ಆನಿಸಿ, ಬಳೆಯಿಟ್ಟು ಇದ್ದಲಿಯಿಂದ ದುಂಡಗೆ ಗೆರೆ ಎಳೆದು ಅವಳು ಮೊದಲ ಸಲ ಹಾರಿಸಿದಳು. ಭುಜ ಬಾತುಕೊಂಡಿತು. ರಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮರುದಿನವೇ ಬಂದೂಕು ಹೊತ್ತು ಬಸ್ಸು ಹತ್ತಿ ಕುಷ್ಟಗಿಯ ಜಿಲಾನಸಾಬನ ಬಳಿ ಹೋದಳು. ಆತ ಒಂದು ಕಾಲದಲ್ಲಿ ಬಂದೂಕು ರಿಪೇರಿ ಮಾಡಿದವ, ಈಗ ಪಂಪ್‌ಸೆಟ್ ಬಿಚ್ಚುತ್ತ ಕೂತಿದ್ದ. ಬಂದೂಕು ಖಾಲಿಯಿದೆಯೆಂದು ಖಾತ್ರಿ ಮಾಡಿಕೊಂಡು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ. ಅವನ ಹುಬ್ಬು ಮೇಲೇರಿತು.

"ತಂಗೀ, ಒಳಗ ಸುರುಳಿ ಗೆರಿ ಅದಾವ. ಇದು ರೈಫಲ್ಲು! ಗುಂಡು ಈ ಗೆರಿ ಹಿಡಕೊಂಡು ತಿರಕೋಂತ ಹೊಂಟ್ರ ನೆಟ್ಟಗ ಹೋಕ್ಕೈತಿ. ನಿಮ್ಮ ಮಾವಾರು ಸಡ್ಲ ಗುಂಡು ಬಿಟ್ಟು, ಮದ್ದು ಸುರದು ಸುರದು ಬರೇ ಹಂದಿ ಹೆದರಿಸ್ಯಾರ."

"ಹಂಗಾರ ಏನ ಮಾಡ್ಬೇಕ್ರಿ ಕಾಕಾ?"

"ಗುಂಡಿಗೆ ಒಂದು ಎಣ್ಣಿ ಅರಿವಿ ಸುತ್ತಿ ಇಳಸು. ಯಾವ ಅರಿವಿ, ಎಷ್ಟು ಮದ್ದು ಅನ್ನೂದನ್ನ ಆ ಬಂದೂಕನ್ನ ಕೇಳು. ನಾ ಈಗ ತೋರಸೂ ಅಳತಿಗಿಂತ ಹೆಚ್ಚು ಮಾತ್ರ ಹಾಕಬ್ಯಾಡ. ಒಮ್ಮೆ ಒಂದನ್ನ ಬದಲ ಮಾಡು. ಎರಡೂ ಕೂಡೇ ಬದಲಿಸಿದ್ರ ಯಾವುದರಿಂದ ಸುಧಾರಿಸ್ತು ಅಂತ ಗೊತ್ತಾಗೂದಿಲ್ಲ."

ಅರಿವೆಗೆ ಸುರೇಖಾಳ ಮನೆಯಲ್ಲಿ ಬರವೇ? ಹೊಲಿದು ಉಳಿದ ತುಂಡುಗಳು ಗಂಟುಗಟ್ಟಲೆ ಬಿದ್ದಿದ್ದವು. ಸೀರೆಯ ತೆಳು ತುಂಡು ಸುಟ್ಟು ಚಿಂದಿಯಾಯಿತು. ಜೀನ್ಸ್ ಬಟ್ಟೆ ನಳಿಗೆಯ ಬಾಯಲ್ಲೇ ಸಿಕ್ಕಿಕೊಂಡಿತು. ಪಾಲಿಸ್ಟರ್ ಕರಗಿ ನಾರತೊಡಗಿತು. ಸರಿಹೊಂದಿದ್ದು ಪಟ್ಟಾಪಟ್ಟಿಯ ಗಟ್ಟಿ ಗಾದಿ ಬಟ್ಟೆ.

"ನನ್ನ ಹೊಸಾ ಗಾದಿಗೆ ಇಲಿ ಹತ್ಯಾವ ನೋಡು!" ಎಂದು ಪಾರ್ವತೆಮ್ಮ ಬೆಳಗಾಗೆದ್ದು ಕೂಗಿದಳು. ಇಲಿ ಯಾರೆಂದು ತಿಳಿದ ಮೇಲೆ ಆ ದಿನವಿಡೀ ಸೊಸೆಯ ಜತೆ ಮಾತಿಲ್ಲ. ಸಂಜೆಗೆ ತಾನೇ ಔಡಲೆಣ್ಣೆಯ ಬಾಟ್ಲಿ ತಂದು ಮುಂದಿಟ್ಟಳು. "ಶೇಂಗಾ ಎಣ್ಣಿ ಜಿಗಟ ಆಕ್ಕೈತಿ. ಇದನ್ನ ಹಚ್ಚು."

ಅದೂ ಕೂಡಿಬಂತು. ಮದ್ದನ್ನು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು, ಕೆಲವು ಗುಂಡಿಗೆ ಒಂದೇ ಸಮ ಹಾಕಿ ನೋಡಿ, ಆಮೇಲೆ ಚೂರುಚೂರೇ ಇಳಿಸುತ್ತ ಬಂದಳು. ಪ್ರತಿ ಗುಂಡಿನ ಬಳಿಕ ನಳಿಗೆಯ ಮಸಿ ಒರೆಸಿದಳು. ರಟ್ಟಿನ ಮೂಲೆಮೂಲೆಗೆ ಚದುರಿದ್ದ ತೂತುಗಳು ಒಂದರ ಹತ್ತಿರ ಒಂದು ಬರತೊಡಗಿದವು. ಒಂದು ಭಾನುವಾರ ಎಲ್ಲವೂ ಬಳೆಯ ಗೆರೆಯೊಳಗೇ ಬಿದ್ದಿದ್ದವು.

ಹುಚ್ಚೀರಪ್ಪ ಆ ತೂತುಗಳ ಮೇಲೆ ಬೆರಳಾಡಿಸಿದ. ಒಂದೊಂದನ್ನೇ ಎಣಿಸಿದ.

"ಅಂದ್ರ ತಪ್ಪು ಬಂದೂಕಿಂದಲ್ಲ," ಎಂದ ಕೊನೆಗೆ.

"ನಿಮಗ ಯಾರೂ ಹೇಳಿಕೊಟ್ಟಿರಲಿಲ್ಲಲ್ರಿ ಮಾವಾರ."

"ಅದೂ ಖರೆ ಅನ್ನು. ಆದ್ರ ಸಪ್ಪಳನ ಇಲ್ಲ ನೋಡು. ಮುದುಕ ಕೆಮ್ಮಿದಂಗ ಆಕ್ಕೈತಿ!"

ಅವನ ಮಾತು ಸುಳ್ಳಾಗಲಿಲ್ಲ. ಮರುವಾರ ಸಂಜೆ ಹೊಲಕ್ಕೆ ಹಂದಿಗಳು ನುಗ್ಗಿದವು. ಸುರೇಖಾ ತನ್ನ ಹದದ ಮದ್ದು ಹಾಕಿ ದಿಬ್ಬದ ಕಡೆ ಹಾರಿಸಿದಳು. ಹಂದಿಗಳು ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಶೇಂಗಾಕ್ಕೆ ಮೂತಿ ಹಚ್ಚಿದವು. ಬದುವಿನ ಮೇಲೆ ಕೂತ ಹುಚ್ಚೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ. ಈ ಸಲ ಗುಂಡು ಹಾಕದೆ, ಜಿಲಾನಸಾಬ ಹೇಳಿದ ಮಿತಿ ಮುಟ್ಟುವಷ್ಟು ಮದ್ದನ್ನೇ ಜಡಿದು ಮತ್ತೆ ಹಾರಿಸಿದಳು. ಹಂದಿಗಳು ಹಳ್ಳ ದಾಟಿ ಓಡಿದವು. ಅಂದಿನಿಂದ ಹೊಲಕ್ಕೆ ಮಾವನ ಅಳತೆ, ರಟ್ಟಿಗೆ ಸೊಸೆಯ ಅಳತೆ ಎಂದಾಯಿತು.

ಆ ಚಳಿಗಾಲ ಯಲಬುರ್ಗಾದಲ್ಲಿ ಲೈಸೆನ್ಸ್ ಇದ್ದವರಿಗೆಲ್ಲ ಗುರಿ ಹೊಡೆಯುವ ಸ್ಪರ್ಧೆ ಏರ್ಪಟ್ಟಿತು. ಮೀಸೆ ಹೊತ್ತ ಗಂಡಸರ ಸಾಲಿನಲ್ಲಿ ಸುರೇಖಾ ಸೆರಗು ಸಿಕ್ಕಿಸಿ ನಿಂತಳು. ಅದೇ ಸೀಮೆಯ ಮಂಗಳೂರೆಂಬ ಹಳ್ಳಿಯ ದೊಡ್ಡಬಸಪ್ಪ, "ಯವ್ವಾ, ಇಲ್ಲಿ ಜಂಪರ್ ಹೊಲಿಯೂ ಸ್ಪರ್ಧೆ ಇಲ್ಲ" ಎಂದ. ಅವಳು ನಳಿಗೆ ಒರೆಸಿದಳು, ಮದ್ದು ಅಳೆದಳು, ಗಾದಿ ಬಟ್ಟೆಯಲ್ಲಿ ಗುಂಡು ಸುತ್ತಿ ಇಳಿಸಿದಳು. ಕಿವಿಗೆ ಹತ್ತಿ ತುರುಕಿಕೊಂಡು ಬಂದಿದ್ದ ಗವಿಸಿದ್ದೇಶ ಗುಂಪಿನ ಹಿಂದೆ ಕಣ್ಣು ಮುಚ್ಚಿ ನಿಂತಿದ್ದ.

ಅವಳಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಹೊಸ ಮಾದರಿಯ ಬಂದೂಕು ತಂದಿದ್ದ ಶ್ರೀರಾಮನಗರದವನೊಬ್ಬನ ಪಾಲಾಯಿತು. ದೊಡ್ಡಬಸಪ್ಪನ ರಟ್ಟು ಹೊಚ್ಚ ಹೊಸದರಂತೆಯೇ ಇತ್ತು. ಹುಚ್ಚೀರಪ್ಪ ರುಮಾಲು ಬಿಚ್ಚಿ ಗಾಳಿಗೆ ಬೀಸಿ, "ನನ್ನ ಸೊಸಿ! ನನ್ನ ಬಂದೂಕು!" ಎಂದು ಗಂಟಲು ಬೀಳುವವರೆಗೆ ಕೂಗಿದ.

ಮುಂದಿನ ಭಾನುವಾರ ದೊಡ್ಡಬಸಪ್ಪನೇ ತನ್ನ ಬಂದೂಕು ಹೊತ್ತು ಬೇವೂರಿಗೆ ಬಂದ. "ಸ್ವಲ್ಪ ಹೇಳಿಕೊಡವಾ ತಂಗಿ" ಅಂದ. ಸುರೇಖಾ ಕೈಯಲ್ಲಿದ್ದ ಮದುವೆ ಜಂಪರಿನ ತೋಳು ಹೊಲಿದು ಮುಗಿಸುವತನಕ ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಆಮೇಲೆ ದಿಬ್ಬದ ಕಡೆ ಕರೆದುಕೊಂಡು ಹೋದಳು.