ಕಂಪ್ಯೂಟರಿಗೆ ಎಪ್ಪು ಹಾಕಿದ ಮುನಿರತ್ನಮ್ಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆಯಿಂದ ಮೊದಲ ರೈಲು ಹಿಡಿದು ಬಂದ ಮುನಿರತ್ನಮ್ಮ ಊರಿಗಾಂ ಕಡೆಯ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದಾರೆ. ಕಣ್ಣು ಗೋಡೆ ಗಡಿಯಾರದ ಮೇಲೇ ಇದೆ. ಇರದೆ ಇನ್ನೇನು! ಇವರು ಬಿಡಿಬಿಡಿ ಮಾಡಿರುವ ಪ್ರೋಗ್ರಾಮು ಮೊದಲ ಪಾಳಿಯ ಸೈರನ್ ಕೂಗುವುದರೊಳಗೆ ಓಡಬೇಕು. ಓಡದಿದ್ದರೆ ಹಳೆಯದೇ ಗತಿ, ಮುನಿರತ್ನಮ್ಮ ವಾಪಸು ಟೈಪಿಂಗ್ ಕುರ್ಚಿಗೆ. ಮ್ಯಾನೇಜರು ಖಡಾಖಂಡಿತವಾಗಿ ಹಾಗೆ ಹೇಳಿಬಿಟ್ಟಿದ್ದಾರೆ.

ಇದು 1993. ಈಕೆ ಡೈರಿಗೆ ಹಾಲು ಹಾಕುವ ಮನೆಯ ಸೊಸೆ. ಟೈಪಿಸ್ಟಾಗಿ ಸೇರಿದವರು. ಕಂಪ್ಯೂಟರ್ ಬಂದಾಗ ಮಿಕ್ಕವರು ನಮಗ್ಯಾಕೆ ಈ ಉಸಾಬರಿ ಎಂದರೆ, ಇವರು ತಾವೇ ಮುಂದೆ ಬಿದ್ದು ಕಲಿತರು. ಆಗ ಉಗ್ರಾಣ, ಖರೀದಿ, ಹಾಜರಿ ಎಲ್ಲವೂ ಒಂದೇ ಪ್ರೋಗ್ರಾಮು. ಹಾಜರಿಯಲ್ಲಿ ಒಂದು ಸಾಲು ತಿದ್ದಿದರೂ ಇಡೀ ಪ್ರೋಗ್ರಾಮನ್ನೇ ಮೊದಲಿಂದ ಕಟ್ಟಬೇಕು, ಅರ್ಧ ದಿನ ಎಲ್ಲರೂ ಕೈಕಟ್ಟಿ ಕೂರಬೇಕು. "ಒಂದು ಗುಂಡಿ ಕಿತ್ತೋದ್ರೆ ಅಂಗೀನೇ ಒಸದಾಗಿ ಒಲಿಸ್ತಾರಾ, ನೀವೇ ಏಳಿ ಸಾರ್?" ಎನ್ನುತ್ತಾರೆ ಮುನಿರತ್ನಮ್ಮ.

ಈ ಭಾಗಗಳನ್ನು ಬೇರೆ ಬೇರೆ ಮಾಡಹೊರಟಾಗಲೇ ಗೊತ್ತಾದದ್ದು, ಒಳಗೊಳಗೆ ಎಲ್ಲ ಎಷ್ಟು ಹೆಣೆದುಕೊಂಡಿವೆ ಎಂದು. ಉಗ್ರಾಣದ ಭಾಗ ತಾರೀಕಿನ ಲೆಕ್ಕಕ್ಕೆ ಖರೀದಿಯನ್ನು ಕೇಳುತ್ತದೆ. ಖರೀದಿಯೋ, ಸಾಮಾನಿನ ನಂಬರ್ ಸರಿಯೇ ಎಂದು ಉಗ್ರಾಣವನ್ನೇ ಕೇಳುತ್ತದೆ! ಅದು ಸಿದ್ಧವಾಗದೆ ಇದಿಲ್ಲ, ಇದು ಸಿದ್ಧವಾಗದೆ ಅದಿಲ್ಲ. ವಾರಗಟ್ಟಲೆ ತಲೆ ಕೆಡಿಸಿಕೊಂಡರು.

ದಾರಿ ತೋರಿಸಿದ್ದು ಮೊಸರು. "ಮನೇಲಿ ಮೊಸ್ರಿಗೆ ಎಪ್ಪಿಲ್ಲ ಅಂತ ಲೋಟ ಇಡ್ಕೊಂಡು ಪಕ್ಕದ್ಮನೆ ವರಲಕ್ಷ್ಮಮ್ಮಕ್ಕನ ಅತ್ರ ಒಂಟೆ. ನೋಡಿದ್ರೆ ಅಕ್ಕನೂ ಲೋಟ ಇಡ್ಕೊಂಡು ನಮ್ಮನೆಗೇ ಬತ್ತಾವ್ರೆ! ಒಬ್ರನ್ನೊಬ್ರು ನಂಬ್ಕೊಂಡು, ಇದ್ದ ಮಜ್ಜಿಗೇನೂ ಕುಡ್ದು ಮುಗ್ಸಿದ್ವಿ. ಬೀದೀಲಿ ನಿಂತ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅವತ್ತಿಂದ ಕೊನೇ ಮನೇಲಿ ಒಂದು ಕುಡಿಕೆ ಎಪ್ಪು ಎತ್ತಿಕ್ಕಿರ್ತೀವಿ, ಯಾರ್ಗ್ ಬೇಕೋ ಅವ್ರು ತಕ್ಕೊಂಡೋಗೋದು."

ಇಲ್ಲಿಯೂ ಅದನ್ನೇ ಮಾಡಿದರು. ತಾರೀಕು, ನಂಬರಿನ ಲೆಕ್ಕಗಳನ್ನೆಲ್ಲ ಹೊರತೆಗೆದು ಒಂದೆಡೆ ಇಟ್ಟರು. ಕಂಪ್ಯೂಟರಿನವರು ಇದಕ್ಕೆ ಲೈಬ್ರರಿ ಅನ್ನುತ್ತಾರೆ. ಎಲ್ಲ ಭಾಗಗಳೂ ಅದನ್ನು ಕೇಳಬಹುದು, ಅದು ಮಾತ್ರ ಯಾರನ್ನೂ ಕೇಳುವಂತಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೆಸರೂ ಇಟ್ಟರು: ಇ, ಪಿ, ಪಿ, ಯು.

ಈಗ ಗುಂಡಿ ಒತ್ತುತ್ತಾರೆ. ಉಗ್ರಾಣದ ಭಾಗ ಸರಿಯಾಗಿ ಕಟ್ಟಿಕೊಳ್ಳುತ್ತದೆ. ಹಾಜರಿಯದೂ ಆಗುತ್ತದೆ. ಖರೀದಿಗೆ ಬಂದದ್ದೇ ಎಲ್ಲ ನಿಂತುಹೋಗುತ್ತದೆ. ಲೈಬ್ರರಿಯೇ ಸಿಗುತ್ತಿಲ್ಲವಂತೆ!

ಖರೀದಿ ಭಾಗ ಬರೆದವರು ದಾವಣಗೆರೆ ಕಡೆಯ ಓಂಕಾರಪ್ಪ, ಇವರ ಮೇಲಿನವರು. ಪಕ್ಕದಲ್ಲಿ ನಿಂತು ಬೆವರುತ್ತಿದ್ದಾರೆ. "ನೀವು ಬಾಯಲ್ಲಿ ಹೇಳಿದ ಹೆಸರನ್ನೇ ಹಾಕೀನಿ ನೋಡ್ರಿ. ಹೆಪ್ಪು!"

"ಯಾವ ಅಕ್ಷರದಿಂದ ಸುರು ಮಾಡಿದ್ರಿ ಸಾರ್?"

"ಎಚ್‌ನಿಂದ ರೀ. ಹೆಪ್ಪಿಗೆ ಮತ್ಯಾವುದು?"

"ಅಯ್ಯೋ ಸಿವ್ನೇ! ನಾನು ಇಟ್ಟಿರೋದು ಎಪ್ಪು ಸಾರ್, ಎಪ್ಪು!"

ಕೋಲಾರದ ಕಡೆಯ ನಾಲಿಗೆಗೆ ಹಕಾರವಿಲ್ಲ, ಆದರೆ ನಗುವುದಕ್ಕೂ ಈಗ ಪುರುಸೊತ್ತಿಲ್ಲ. ಒಂದಕ್ಷರ ಅಳಿಸಿ ಮತ್ತೆ ಒತ್ತುತ್ತಾರೆ. ಖರೀದಿಯೊಂದೇ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಉಳಿದವನ್ನು ಮುಟ್ಟುವುದೇ ಇಲ್ಲ. ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ, ಪ್ರೋಗ್ರಾಮು ಓಡುತ್ತಿದೆ! ಇಬ್ಬರೂ ಹೋ ಎಂದು ಕೂಗಿದ ಮೇಲೆ ಹೊರಗೆ ಸೈರನ್ ಕೂಗುತ್ತದೆ.

ಮ್ಯಾನೇಜರು ಬಂದು ಪರದೆ ನೋಡಿ, "ಈ ಕುರ್ಚಿ ಇನ್ನು ನಿಮ್ಮದೇಮ್ಮ" ಎಂದು ಹೇಳಿ ಹೋಗುತ್ತಾರೆ. ಮುನಿರತ್ನಮ್ಮನ ಕಣ್ಣು ತುಂಬುತ್ತದೆ.

ಓಂಕಾರಪ್ಪನವರಿಗೆ ಇನ್ನೂ ಸಮಾಧಾನವಿಲ್ಲ. "ಹೆಸರು ತಿದ್ದೋಣೇನ್ರೀ? ನಾಳೆ ಬಂದವರು ನಕ್ಕಾರು."

"ನಗ್ಲಿ ಬುಡಿ ಸಾರ್," ಎನ್ನುತ್ತಾರೆ ಮುನಿರತ್ನಮ್ಮ. "ಇಲ್ಲಿ ಕೋಲಾರದೋಳು ಒಬ್ಳು ಕೂತಿದ್ಲು ಅಂತ ಅವ್ರ್ಗೂ ಗೊತ್ತಾಗ್ಲಿ."